ನಾಣ್ಯ ಪ್ರಶ್ನೋತ್ತರ: ಸುತ್ತಿಗೆ ಏಟಿನ ಇಂಗ್ಲಿಷ್ ಬೆಳ್ಳಿ

ಯಂತ್ರ ಬರುವ ಮೊದಲು ಇಂಗ್ಲೆಂಡಿನಲ್ಲಿ ಕೈಯಿಂದ ಬಡಿದು ಮಾಡುತ್ತಿದ್ದ ‘ಹ್ಯಾಮರ್ಡ್’ ನಾಣ್ಯಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಸೇರಿಸಿ ಒಂದು ಮಾಡಿದ್ದೇವೆ.

ಒಂದೇ ರಾಜನ ಎರಡು ಪೆನ್ನಿ ಪಕ್ಕಪಕ್ಕ ಇಟ್ಟರೆ ಒಂದರಲ್ಲಿ ಮುಖ ಚೆನ್ನಾಗಿದೆ, ಇನ್ನೊಂದರಲ್ಲಿ ಮೂಗೇ ಇಲ್ಲ. ಇದು ಸವೆದದ್ದೋ, ಮೊದಲೇ ಸರಿಯಾಗಿ ಬೀಳದ್ದೋ? ಹೇಗೆ ತಿಳಿಯುವುದು?
— ಓದುಗರು, ಮೈಸೂರು

ಮೊದಲು ಇದನ್ನು ಹೇಗೆ ಮಾಡುತ್ತಿದ್ದರು ಎಂಬುದು ಕಣ್ಣಿಗೆ ಕಟ್ಟಬೇಕು. ಬೆಳ್ಳಿಯನ್ನು ಕರಗಿಸಿ ಪಟ್ಟಿ ಎರೆದು, ಬಡಿದು ತಗಡು ಮಾಡಿ, ಕತ್ತರಿಯಿಂದ ಬಿಲ್ಲೆ ಕತ್ತರಿಸುತ್ತಿದ್ದರು. ಬಡಿದು ಗಡುಸಾದ ಬಿಲ್ಲೆಯನ್ನು ಕಾಯಿಸಿ ಮೆತ್ತಗೆ ಮಾಡಿ, ಹುಳಿಯಲ್ಲಿ ಅದ್ದಿ ಬಿಳುಪು ಬರಿಸುತ್ತಿದ್ದರು. ಕೆಳಗಿನ ಅಚ್ಚಿಗೆ ಮೊಳೆಯಂಥ ಬಾಲ ಇರುತ್ತಿತ್ತು, ಅದನ್ನು ಮರದ ದಿಮ್ಮಿಗೆ ಹೊಡೆದು ನಿಲ್ಲಿಸುತ್ತಿದ್ದರು. ಅದರ ಮೇಲೆ ಬಿಲ್ಲೆ, ಬಿಲ್ಲೆಯ ಮೇಲೆ ಕೈಯಲ್ಲಿ ಹಿಡಿದ ಇನ್ನೊಂದು ಅಚ್ಚು, ಅದರ ತಲೆಯ ಮೇಲೆ ಸುತ್ತಿಗೆ. ನಮ್ಮ ವರಾಹ, ಹಣಗಳೂ ಅಚ್ಚಿನ ಮೇಲೆ ಹೀಗೇ ಏಟು ತಿಂದು ಹುಟ್ಟಿದವು. ಮೇಲಿನ ಅಚ್ಚು ನೇರ ಏಟು ತಿನ್ನುವುದರಿಂದ ಬೇಗ ಹಾಳಾಗುತ್ತಿತ್ತು, ಹಾಗಾಗಿ ಒಂದು ಕೆಳಗಿನ ಅಚ್ಚಿನ ಜೊತೆ ಎರಡು ಮೇಲಿನ ಅಚ್ಚು ಕೊಡುವುದು ರೂಢಿ. ಕೆತ್ತನೆ ಹೆಚ್ಚಿರುವ ರಾಜನ ಮುಖವನ್ನು ಸಾಮಾನ್ಯವಾಗಿ ಕೆಳಗಿಟ್ಟು ಉಳಿಸಿಕೊಳ್ಳುತ್ತಿದ್ದರು.

ಏಟು ಒಂದು ಕಡೆ ವಾಲಿದರೆ ಎದುರು ಕಡೆ ಅಕ್ಷರ ಮೂಡುವುದಿಲ್ಲ. ಬಿಲ್ಲೆ ಒಂದು ಕಡೆ ತೆಳುವಾಗಿದ್ದರೂ ಅಷ್ಟೇ. ಇನ್ನೊಂದು ಕಾರಣ ಹಲವರಿಗೆ ಹೊಳೆಯುವುದಿಲ್ಲ: ಒಂದು ಮುಖದಲ್ಲಿ ಎತ್ತರದ ಉಬ್ಬು ಇದ್ದರೆ ಬೆಳ್ಳಿ ಆ ಕಡೆಯ ಕುಳಿಗೆ ಹರಿದುಹೋಗುತ್ತದೆ, ಬೆನ್ನಿನಲ್ಲಿ ಅದೇ ಜಾಗ ಚಪ್ಪಟೆ ಉಳಿಯುತ್ತದೆ. ಮೂಗಿಲ್ಲದ ನಿಮ್ಮ ರಾಜನನ್ನು ತಿರುಗಿಸಿ ನೋಡಿ. ಮೂಗಿನ ನೇರ ಹಿಂದೆ ದಪ್ಪ ಶಿಲುಬೆಯ ತೋಳೋ ಅದರ ಪಕ್ಕದ ಚುಕ್ಕೆಗಳೋ ಇದ್ದರೆ ಉತ್ತರ ಸಿಕ್ಕಿತು.

ಸವೆತವನ್ನು ಗುರುತಿಸಲು 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಕಣ್ಣಿಗೆ ಹಿಡಿಯುವ ಪುಟ್ಟ ಭೂತಗನ್ನಡಿ) ಸಾಕು. ಸವೆದ ಜಾಗ ನುಣುಪಾಗಿರುತ್ತದೆ. ಎತ್ತರದ ಭಾಗಗಳೆಲ್ಲ ಒಂದೇ ಮಟ್ಟಕ್ಕೆ ಇಳಿದು, ಬಣ್ಣ ಸುತ್ತಲಿಗಿಂತ ತುಸು ಬೇರೆಯಾಗಿರುತ್ತದೆ. ಏಟು ಬೀಳದ ಜಾಗದಲ್ಲಿ ತಗಡು ಬಡಿದಾಗಿನ ಒರಟು ಮೈ ಹಾಗೇ ಉಳಿದಿರುತ್ತದೆ, ಅದರ ಪಕ್ಕದ ಅಕ್ಷರ ಮಾತ್ರ ಚೂಪಾಗಿರುತ್ತದೆ. ಮಾರುವವರು ಸವೆತವನ್ನು ‘ವೀಕ್ ಸ್ಟ್ರೈಕ್’ (ಏಟು ಸರಿಯಾಗಿ ಬೀಳದ್ದು) ಎಂದು ಬರೆದು ಬೆಲೆ ಏರಿಸುವುದುಂಟು. ಒರಟು ಮೈ ಕಾಣದಿದ್ದರೆ ನಂಬಬೇಡಿ.

ಮಗಳು ಲಂಡನ್ನಿನಿಂದ ತಂದ ಬೆಳ್ಳಿ ನಾಣ್ಯ. ಅಗಲ 26 ಮಿ.ಮೀ., ತೂಕ 2.71 ಗ್ರಾಂ. ಕಿರೀಟ ತೊಟ್ಟ ಹೆಂಗಸು ಎಡಕ್ಕೆ ಮುಖ ಮಾಡಿದ್ದಾಳೆ, ತಲೆಯ ಹಿಂದೆ ಹೂವಿದೆ. ಹಿಂಬದಿ ಗುರಾಣಿ, ಅದರ ಮೇಲೆ 159 ಅಂತಿದೆ, ಕೊನೆಯ ಅಂಕಿ ಅಳಿಸಿದೆ. ಇದೇನು?
— ಓದುಗರು, ಹುಬ್ಬಳ್ಳಿ

ಮೊದಲನೇ ಎಲಿಜಬೆತ್ ರಾಣಿಯ ಆರು ಪೆನ್ಸ್, ಅಂದರೆ ಸಿಕ್ಸ್‌ಪೆನ್ಸ್. ಹೂವು ಗುಲಾಬಿ, ಮತ್ತು ಅದು ಬರಿಯ ಅಲಂಕಾರವಲ್ಲ. ಓದು ಬಾರದವರು ಎಂಟು ಬಗೆಯ ಬೆಳ್ಳಿ ನಾಣ್ಯಗಳಲ್ಲಿ ಯಾವುದು ಯಾವುದೆಂದು ತಿಳಿಯಲು ಒಂದು ಬಿಟ್ಟು ಒಂದಕ್ಕೆ ಗುಲಾಬಿ ಹಾಕಿದರು: ಶಿಲ್ಲಿಂಗಿಗೆ (12 ಪೆನ್ಸ್) ಇಲ್ಲ, ಆರು ಪೆನ್ಸಿಗೆ ಇದೆ, ನಾಲ್ಕಕ್ಕೆ ಇಲ್ಲ, ಮೂರಕ್ಕೆ ಇದೆ, ಎರಡಕ್ಕೆ ಇಲ್ಲ, ಒಂದೂವರೆಗೆ ಇದೆ, ಒಂದಕ್ಕೆ ಇಲ್ಲ, ಮುಕ್ಕಾಲಿಗೆ ಇದೆ. ಗುಲಾಬಿ ಇದ್ದವಕ್ಕೇ ಇಸವಿಯನ್ನೂ ಹಾಕಿದರು. ಸಿಕ್ಸ್‌ಪೆನ್ಸಿನಲ್ಲಿ ಇಸವಿ 1561ರಿಂದ 1602ರವರೆಗೆ ನಡೆಯುತ್ತದೆ.

ಅಳಿಸಿದ ಅಂಕಿಗೆ ದಾರಿ ಇದೆ. ರಾಣಿಯ ತಲೆಯ ಮೇಲ್ಭಾಗದಲ್ಲಿ, ಬರಹ ಶುರುವಾಗುವ ಮುನ್ನ, ಒಂದು ಪುಟ್ಟ ಚಿತ್ರ ಇರುತ್ತದೆ. ಹಿಂಬದಿಯಲ್ಲೂ ಬರಹದ ಆರಂಭದಲ್ಲಿ ಅದೇ ಇರುತ್ತದೆ. ಅದು ಮಿಂಟ್ ಮಾರ್ಕ್. ಟಂಕಸಾಲೆ ಆಯಾ ಅವಧಿಯಲ್ಲಿ ಹೊಡೆದ ನಾಣ್ಯಗಳಲ್ಲಿ ಕೆಲವನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ಆಮೇಲೆ ತೂಕ, ಬೆಳ್ಳಿ ಪರೀಕ್ಷೆಗೆ ಒಡ್ಡಬೇಕಿತ್ತು. ಯಾವ ಅವಧಿಯ ಮಾಲು ಎಂದು ತಿಳಿಯಲು ಗುರುತು ಬದಲಿಸುತ್ತಿದ್ದರು. 1590ರ ದಶಕದಲ್ಲಿ ಬರುವ ಗುರುತುಗಳು ಹೀಗೆ: ಕೈ, ಆಮೇಲೆ ಪೀಪಾಯಿ (1594ರವರೆಗೆ), ಉಣ್ಣೆಯ ಮೂಟೆ (1594–96), ಬೀಗದ ಕೈ (1595–98), ಲಂಗರು (1600ರವರೆಗೆ). ಅವಧಿಗಳು ಒಂದರ ಮೇಲೊಂದು ಸ್ವಲ್ಪ ಹತ್ತಿಕೊಳ್ಳುತ್ತವೆ, ಅದು ತಪ್ಪಲ್ಲ. ಬೀಗದ ಕೈ ಕಂಡರೆ ನಿಮ್ಮದು 1595ಕ್ಕಿಂತ ಹಿಂದಿನದಲ್ಲ, 1598ಕ್ಕಿಂತ ಈಚಿನದಲ್ಲ. ಕಾಣದಿದ್ದರೆ ದೀಪವನ್ನು ನಾಣ್ಯದ ಮಟ್ಟಕ್ಕೆ ಇಳಿಸಿ, ಬದಿಯಿಂದ ಬೆಳಕು ಬೀಳುವಂತೆ ಮಾಡಿ ನಾಣ್ಯವನ್ನು ಮೆಲ್ಲಗೆ ಸುತ್ತು ತಿರುಗಿಸಿ. ನೇರ ಬೆಳಕಿನಲ್ಲಿ ಕಾಣದ ಅಂಕಿ ನೆರಳಿನಲ್ಲಿ ಎದ್ದು ಬರುತ್ತದೆ. ಮೊಬೈಲಿನ ಫ್ಲ್ಯಾಶ್ ಹಾಕಿದರೆ ಇದ್ದದ್ದೂ ಕಾಣದಂತಾಗುತ್ತದೆ.

ತೂಕದ ಮಾತು. ಆ ಕಾಲದ ನಿಯಮದಂತೆ ಇದು ಸುಮಾರು 3.1 ಗ್ರಾಂ ಇರಬೇಕು (1601ರಿಂದ 3.0). ನಾನ್ನೂರು ವರ್ಷದಲ್ಲಿ 0.4 ಗ್ರಾಂ ಹೋಗಿದೆ. ಸವೆತದಿಂದಲೇ ಅಷ್ಟು ಹೋಗಬಹುದು. ಆದರೆ ಹೊರಸುತ್ತಿನ ಮಣಿಸಾಲು ಪೂರ್ತಿ ಕಾಣುತ್ತದೆಯೇ ಎಂದು ನೋಡಿ. ಒಂದು ಕಡೆ ಮಣಿಸಾಲು ಮಾಯವಾಗಿ ಅಕ್ಷರದ ತಲೆಯೂ ಹಾರಿದ್ದರೆ ಯಾರೋ ಅಂಚು ಕತ್ತರಿಸಿ ಬೆಳ್ಳಿ ಕದ್ದಿದ್ದಾರೆ. ಆ ಕಳ್ಳತನ ಆಗ ರಾಜದ್ರೋಹ, ಶಿಕ್ಷೆ ಮರಣ. ಆದರೂ ನಿಲ್ಲಲಿಲ್ಲ.

ಗುರಾಣಿಯ ಸುತ್ತಲ ಬರಹ ‘ಪೊಸುಯಿ ದೇವುಮ್ ಅಡ್ಯುಟೋರೆಮ್ ಮೇವುಮ್’, ‘ದೇವರನ್ನು ನನಗೆ ಆಸರೆ ಮಾಡಿಕೊಂಡಿದ್ದೇನೆ’ ಎಂದು. ಆ ‘ದೇವುಮ್’ ನಿಮಗೆ ಪರಿಚಿತವಾಗಿ ಕೇಳಿಸಿದರೆ ಆಶ್ಚರ್ಯವಿಲ್ಲ, ಸಂಸ್ಕೃತದ ‘ದೇವ’ದ ಬಂಧುವೇ ಅದು. ಲ್ಯಾಟಿನ್‌ನಲ್ಲಿ ‘ಯು’ಗೂ ‘ವಿ’ಗೂ ಒಂದೇ ಅಕ್ಷರ ಎಂಬುದು ನೆನಪಿದ್ದರೆ ಓದು ಅರ್ಧ ಮುಗಿದಂತೆ.

ಎಡ್ವರ್ಡ್ ಹೆಸರಿನ ಪೆನ್ನಿ ಅಗ್ಗಕ್ಕೆ ಸಿಗುತ್ತವೆ. ಆದರೆ ಒಂದನೆಯವನೋ ಎರಡನೆಯವನೋ ಮೂರನೆಯವನೋ ಎಂದು ಯಾರೂ ಖಚಿತವಾಗಿ ಹೇಳುವುದಿಲ್ಲ. ನಾಣ್ಯದ ಮೇಲೂ ಸಂಖ್ಯೆ ಇಲ್ಲ.
— ಓದುಗರು, ಬೆಂಗಳೂರು

ಸಂಖ್ಯೆ ಹಾಕುವ ಪದ್ಧತಿಯೇ ಆಗ ಇರಲಿಲ್ಲ. ರಾಜನ ಮುಖವೂ ನೆರವಾಗುವುದಿಲ್ಲ, ಅದು ಯಾರ ಮುಖವೂ ಅಲ್ಲ, ರಾಜ ಎಂಬ ಚಿತ್ರ ಅಷ್ಟೇ. ನೋಡಬೇಕಾದ್ದು ಹೆಸರನ್ನು ಎಷ್ಟು ಅಕ್ಷರದಲ್ಲಿ ಬರೆದಿದ್ದಾರೆ ಎಂಬುದನ್ನು.

1279ರಲ್ಲಿ ಒಂದನೇ ಎಡ್ವರ್ಡ್ ನಾಣ್ಯವನ್ನೆಲ್ಲ ಹೊಸದಾಗಿ ಹೊಡೆಸಿದ. ಆಗ ಹೆಸರು ಮೂರೇ ಅಕ್ಷರ: ಇ, ಡಿ, ಡಬ್ಲ್ಯು. ನಂತರ ‘ಆರ್ ಆಂಗ್ಲ್’ (ಇಂಗ್ಲೆಂಡಿನ ರಾಜ), ‘ಡಿಎನ್‌ಎಸ್ ಹೈಬ್’ (ಐರ್ಲೆಂಡಿನ ಒಡೆಯ). ಹಗುರವಾಗದ ಪೂರ್ಣ ತೂಕದ ಪೆನ್ನಿಯಲ್ಲಿ ಈ ಮೂರಕ್ಷರ ಕಂಡರೆ ಒಂದನೇ ಎಡ್ವರ್ಡ್ ಎಂದೇ ತೆಗೆದುಕೊಳ್ಳಿ. 1300ರ ಹೊತ್ತಿಗೆ ಹೆಸರು ಉದ್ದವಾಗಿ ‘ಎಡ್ವರ್ಡ್’ ಪೂರ್ತಿ ಬರುತ್ತದೆ, ‘ಎಡ್ವರ್’ ಬರುತ್ತದೆ. ಅದೂ ಒಂದನೆಯವನೇ. ಬಳಿಕ ‘ಎಡ್ವ’ ಎಂದು ನಾಲ್ಕಕ್ಷರಕ್ಕೆ ನಿಲ್ಲುತ್ತದೆ, ಪೇಚು ಇಲ್ಲೇ. ಈ ನಾಲ್ಕಕ್ಷರದ ನಾಣ್ಯ 1307ರಲ್ಲಿ ತಂದೆ ತೀರಿಕೊಂಡ ಮೇಲೆ ಮಗನ ಕಾಲದಲ್ಲೂ ನಿಲ್ಲದೆ ನಡೆಯಿತು. ಇದನ್ನು ಬಿಡಿಸಲು ಕಿರೀಟದ ಹೂಗಳ ಆಕಾರ, ಅಕ್ಷರದ ಮುರಿದ ತುದಿ ಇವನ್ನೆಲ್ಲ ಕ್ಯಾಟಲಾಗಿನ ದೊಡ್ಡ ಚಿತ್ರಗಳ ಜೊತೆ ಹೋಲಿಸಬೇಕು. ‘ಎಡ್ವ’ ಇರುವುದಕ್ಕೆ ಮಾರುವವನು ತಡೆಯಿಲ್ಲದೆ ‘ಎಡ್ವರ್ಡ್ 1’ ಎಂದು ಚೀಟಿ ಅಂಟಿಸಿದ್ದರೆ, ಕ್ಯಾಟಲಾಗಿನ ವಿಂಗಡಣೆಯಲ್ಲಿ ಯಾವ ವರ್ಗ ಎಂದು ಕೇಳಿ. ವರ್ಗದ ಸಂಖ್ಯೆ ಹೇಳಲಾಗದವನು ಊಹಿಸುತ್ತಿದ್ದಾನೆ.

ಮೂರನೆಯವನನ್ನು ತಕ್ಕಡಿ ಬೇರ್ಪಡಿಸುತ್ತದೆ. 1279ರ ಪೆನ್ನಿ ಸುಮಾರು 1.44 ಗ್ರಾಂ. 1344ರಿಂದ ತೂಕ ಇಳಿಯಿತು, 1351ರಲ್ಲಿ 1.17ಕ್ಕೆ ಬಂತು. 1412ರಲ್ಲಿ 0.97, 1464ರಲ್ಲಿ 0.78. ಈ ನಾಲ್ಕು ಅಂಕಿಯನ್ನು ಬರೆದು ತಕ್ಕಡಿಯ ಪಕ್ಕ ಅಂಟಿಸಿಕೊಳ್ಳಿ. ಕ್ಯಾಟಲಾಗಿಗಿಂತ ಹೆಚ್ಚು ಸಲ ಉಪಯೋಗಕ್ಕೆ ಬರುತ್ತವೆ. ನಾಣ್ಯ ಸವೆದು ಹಗುರವಾಗಬಹುದು, ಭಾರವಾಗಲಾರದು. 1464ರ ನಂತರದ್ದು ಎಂದು ಕೊಟ್ಟ ಪೆನ್ನಿ 1.2 ಗ್ರಾಂ ತೂಗಿದರೆ ಚೀಟಿ ತಪ್ಪು, ಇಲ್ಲವೇ ನಾಣ್ಯ ಖೋಟಾ.

ಹಿಂಬದಿಯಲ್ಲಿ ಅಂಚಿನವರೆಗೆ ಚಾಚಿದ ಶಿಲುಬೆ, ನಾಲ್ಕು ಮೂಲೆಗೂ ಮೂರು ಮೂರು ಚುಕ್ಕೆ, ಸುತ್ತ ಊರಿನ ಹೆಸರು. ಶಿಲುಬೆ ಬರಹವನ್ನು ಮೂರು-ನಾಲ್ಕು ಅಕ್ಷರಕ್ಕೊಮ್ಮೆ ಕಡಿಯುತ್ತದೆ: ಸಿವಿ-ಟಾಸ್-ಲಾನ್-ಡಾನ್. ಲಂಡನ್, ಕ್ಯಾಂಟರ್ಬರಿ ಧಾರಾಳ ಸಿಗುತ್ತವೆ. ಡರ್ಹಮ್ ಸ್ವಾರಸ್ಯದ್ದು, ಅಲ್ಲಿಯ ಟಂಕಸಾಲೆ ಬಿಷಪ್ಪನದು. ಬಿಷಪ್ ಬೆಕ್ ತನ್ನ ಲಾಂಛನದ ಶಿಲುಬೆಯನ್ನು ಬರಹದ ಆರಂಭಕ್ಕೆ ಹಾಕಿಸಿದ, ಅವನ ನಂತರದ ಕೆಲ್ಲೋ ಹಿಂಬದಿಯ ಶಿಲುಬೆಯ ಒಂದು ತೋಳನ್ನೇ ಬಿಷಪ್ಪನ ಕೋಲಿನಂತೆ ಬಗ್ಗಿಸಿದ. ಬೆರಿ ಸೇಂಟ್ ಎಡ್ಮಂಡ್ಸ್‌ನ ಮೊದಮೊದಲ ಪೆನ್ನಿಗಳಲ್ಲಿ ಮಾತ್ರ ಊರಿನ ಬದಲು ‘ರಾಬರ್ಟ್ ಡಿ ಹ್ಯಾಡ್ಲಿ’ ಎಂಬ ಟಂಕಸಾಲಿಗನ ಹೆಸರಿರುತ್ತದೆ. ಬೇರೆಡೆ ಆ ಪದ್ಧತಿ ಬಿಟ್ಟಾಗಿತ್ತು. ಒಂದು ಊರಿಗೆ ಒಂದು ಪೆನ್ನಿ ಎಂದು ಕೂಡಿಸುವುದು ಹೊಸಬರಿಗೆ ಒಳ್ಳೆಯ ಶುರು.

ಕಿರೀಟದ ಬದಲು ಹೂಮಾಲೆ ತೊಟ್ಟ ತಲೆಯೋ ಬರಿತಲೆಯೋ ಇದ್ದರೆ ಅದು ಇಂಗ್ಲೆಂಡಿನದಲ್ಲ. ಸಮುದ್ರದಾಚೆಯ ಪ್ರಭುಗಳು ಇದೇ ಪೆನ್ನಿಯ ನಕಲಿನಂತೆ ಹೊಡೆಸಿ ಒಳಗೆ ತಳ್ಳಿದ ಮಾಲು. 1300ರಲ್ಲಿ ಎಡ್ವರ್ಡ್ ಅವನ್ನು ಅಮಾನ್ಯ ಮಾಡಿದ. ಇವತ್ತು ಅವನ್ನೂ ಜನ ಪ್ರೀತಿಯಿಂದ ಕೂಡಿಸುತ್ತಾರೆ.

ಅರ್ಧಕ್ಕೆ ಕತ್ತರಿಸಿದ ಪೆನ್ನಿ ಒಂದನ್ನು ಪೂರ್ತಿ ನಾಣ್ಯದ ಅರ್ಧದಷ್ಟು ಬೆಲೆಗೆ ಕೊಡುತ್ತೇನೆ ಎನ್ನುತ್ತಾರೆ. ಒಡೆದ ನಾಣ್ಯಕ್ಕೆ ಅಷ್ಟು ಕೊಡಬಹುದೇ?
— ಓದುಗರು, ಬೆಳಗಾವಿ

ಅದು ಒಡೆದದ್ದಲ್ಲ. 1279ರವರೆಗೆ ಚಿಲ್ಲರೆ ಬೇಕಾದರೆ ಪೆನ್ನಿಯನ್ನು ಶಿಲುಬೆಯ ಗೆರೆಗುಂಟ ಎರಡಾಗಿ, ನಾಲ್ಕಾಗಿ ಕತ್ತರಿಸಿಯೇ ಕೊಡುತ್ತಿದ್ದರು. ಫಾರ್ದಿಂಗ್ ಎಂಬ ಮಾತೇ ನಾಲ್ಕನೇ ಒಂದು ಪಾಲು ಎಂಬುದರಿಂದ ಬಂದದ್ದು. ಕತ್ತರಿಸಿದ ಅಂಚು ನೇರವಾಗಿ ಶಿಲುಬೆಯ ಜೋಡಿಗೆರೆಯ ಮೇಲೆ ಹೋಗಿ, ಹೊಳಪಿಲ್ಲದೆ ಮುಖದ ಬಣ್ಣವನ್ನೇ ಹೊಂದಿದ್ದರೆ ಅದು ಆ ಕಾಲದ ಕತ್ತರಿ. ಅಂಚು ಹರಳುಹರಳಾಗಿ, ಬೂದು ಹೊಳಪಿದ್ದರೆ ನೆಲದಲ್ಲಿ ಪೆಡಸಾಗಿ ಈಚೆಗೆ ಮುರಿದದ್ದು. ಅದಕ್ಕೆ ಅರ್ಧ ಬೆಲೆಯೂ ಹೆಚ್ಚು.

ಮನೆಯಲ್ಲಿ ಬೆಳ್ಳಿ ದೀಪಕ್ಕೆ ವಿಭೂತಿ ಹಾಕಿ ಉಜ್ಜಿದರೆ ಫಳಫಳ ಎನ್ನುತ್ತದೆ. ಕಪ್ಪಾದ ಹ್ಯಾಮರ್ಡ್ ನಾಣ್ಯಕ್ಕೂ ಹಾಗೇ ಮಾಡಬಹುದೇ? ನಮ್ಮ ಕಡೆ ಮಳೆಗಾಲದಲ್ಲಿ ಎಲ್ಲವೂ ಕಪ್ಪಾಗುತ್ತದೆ.
— ಓದುಗರು, ಮಂಗಳೂರು

ದಯವಿಟ್ಟು ಬೇಡ. ವಿಭೂತಿ, ಹುಣಸೆಹಣ್ಣು, ಟೂತ್‌ಪೇಸ್ಟ್, ಅಡುಗೆ ಸೋಡಾ ಜೊತೆ ಅಲ್ಯೂಮಿನಿಯಂ ಹಾಳೆ, ಯಾವುದೂ ಬೇಡ. ದೀಪದ ಬೆಳ್ಳಿ ಮಿಲಿಮೀಟರುಗಟ್ಟಲೆ ದಪ್ಪ, ಪೆನ್ನಿಯ ಮೇಲಿನ ಅಕ್ಷರದ ಎತ್ತರ ಕೂದಲೆಳೆಯಷ್ಟು. ಒಂದು ಸಲ ಉಜ್ಜಿದರೆ ಲೂಪಿನಲ್ಲಿ ಸಾವಿರ ಗೀರು ಕಾಣುತ್ತವೆ, ಬೆಲೆ ಅರ್ಧಕ್ಕೆ ಇಳಿಯುತ್ತದೆ, ಮತ್ತೆ ಮೊದಲಿನಂತೆ ಮಾಡಲು ಬರುವುದಿಲ್ಲ. ಕಪ್ಪು ಬಣ್ಣ ಗಂಧಕದ ಜೊತೆ ಬೆಳ್ಳಿ ಸೇರಿ ಆದ ತೆಳು ಪದರ. ಸಮವಾಗಿ ಹರಡಿದ ಬೂದುಗಪ್ಪಿಗೆ ಸಂಗ್ರಾಹಕರು ಹೆಚ್ಚು ಹಣ ಕೊಡುತ್ತಾರೆ, ತಿಳಿದಿರಲಿ.

ಮಣ್ಣು ಅಂಟಿದ್ದರೆ ಗಾಜಿನ ಬಟ್ಟಲಲ್ಲಿ ಡಿಸ್ಟಿಲ್ಡ್ ವಾಟರ್ ಹಾಕಿ ಒಂದೆರಡು ದಿನ ನೆನೆಹಾಕಿ, ದಿನಕ್ಕೊಮ್ಮೆ ನೀರು ಬದಲಿಸಿ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ನೀರೇ ಆದೀತು, ಆದರೆ ಅಲ್ಲೇ ಅದೇ ಬಗೆಯ ಡಬ್ಬಿಯಲ್ಲಿ ಆಸಿಡ್ ಕೂಡ ಇರುತ್ತದೆ, ಚೀಟಿ ಓದಿ ತನ್ನಿ. ತೆಗೆದ ಮೇಲೆ ಹತ್ತಿ ಬಟ್ಟೆಯ ಮೇಲಿಟ್ಟು ಒತ್ತಿ ಆರಿಸಿ, ಒರೆಸಬೇಡಿ. ಹಸಿರು ಜಿಡ್ಡು ಹತ್ತಿದ್ದರೆ ಅದು ಹಳೆ ಪ್ಲಾಸ್ಟಿಕ್ ಚೀಲದ ಪ್ರಸಾದ. ಶುದ್ಧ ಅಸಿಟೋನ್‌ನಲ್ಲಿ ಹತ್ತು ನಿಮಿಷ ಇಟ್ಟರೆ ಹೋಗುತ್ತದೆ. ಉಗುರು ಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಎಣ್ಣೆ, ಪರಿಮಳ ಬೆರೆತಿರುತ್ತದೆ. ಕಿಟಕಿ ತೆರೆದಿಡಿ, ಹತ್ತಿರ ದೀಪ, ಒಲೆ ಇರಬಾರದು.

ಇಡುವ ಚೀಲ ಮೆತ್ತಗಿದ್ದು ಹೊಸ ಪ್ಲಾಸ್ಟಿಕ್ ವಾಸನೆ ಬಂದರೆ ಪಿವಿಸಿ, ಎಸೆಯಿರಿ. ಗರಿಗರಿಯಾಗಿ ಸದ್ದು ಮಾಡುವ ಪಾಲಿಯೆಸ್ಟರ್ ಚೀಲ ತನ್ನಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಾಗುವ ಜೆಲ್ ಆದರೆ ತೇವ ಹೀರಿ ಮುಗಿದದ್ದು ಕಣ್ಣಿಗೆ ಕಾಣುತ್ತದೆ. ಕರಾವಳಿಯ ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ನೋಡಬೇಕಾದೀತು. ಡಬ್ಬಿಯೊಳಗೆ ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ನುಸಿಗುಳಿಗೆ, ಪತ್ರಿಕೆಯ ಕಾಗದ ಇರಬಾರದು. ಕಪ್ಪಾಗಿಸುವ ಗಂಧಕ ಹೆಚ್ಚಾಗಿ ಬರುವುದೇ ರಬ್ಬರಿನಿಂದ, ಉಣ್ಣೆಯಿಂದ.

ಆನ್‌ಲೈನಿನಲ್ಲಿ ಒಬ್ಬನೇ ಮಾರಾಟಗಾರನಿಂದ ಮೂರು ಶಿಲ್ಲಿಂಗ್ ಕೊಂಡೆ. ಮೂರೂ ಅಸಲಿನಂತೆ ಇವೆ, ಒಂದೇ ಕಡೆ ಸಣ್ಣ ಬಿರುಕು ಕೂಡ ಇದೆ. ಅಸಲೇ ಎಂದು ಮನೆಯಲ್ಲೇ ಪರೀಕ್ಷಿಸುವುದು ಹೇಗೆ?
— ಓದುಗರು, ತುಮಕೂರು

ಬಿರುಕು ಮೂರರಲ್ಲೂ ಒಂದೇ ಕಡೆ ಇದ್ದರೆ ಪರೀಕ್ಷೆ ಮುಗಿಯಿತು, ಖೋಟಾ. ಒಂದೇ ಅಚ್ಚಿನಿಂದ ಎರಡು ನಾಣ್ಯ ಬರಬಹುದು, ಅಕ್ಷರಗಳು ಒಂದೇ ಇರಬಹುದು. ಆದರೆ ಬಿಲ್ಲೆಯ ಅಂಚಿನ ಆಕಾರ, ಬಿರುಕು, ಅಚ್ಚು ಎತ್ತ ಸರಿದಿದೆ, ಮುಂಬದಿಗೆ ಹಿಂಬದಿ ಎಷ್ಟು ತಿರುಗಿದೆ, ಇವೆಲ್ಲ ಪ್ರತಿ ಏಟಿಗೂ ಬೇರೆ. ಇವೂ ಒಂದೇ ಆದರೆ ಒಂದು ಅಸಲಿನ ಪಡಿಯಚ್ಚು ತೆಗೆದು ಮೂರು ಎರೆದಿದ್ದಾರೆ. ಮಾರಾಟಗಾರನ ಹಳೆಯ ಪಟ್ಟಿಗಳ ಚಿತ್ರ ತೆಗೆದು ನೋಡಿ, ನಾಲ್ಕನೆಯದೂ ಸಿಗುವ ಸಂಭವ ಇದೆ.

ಒಂದೇ ನಾಣ್ಯ ಕೈಗೆ ಬಂದಾಗ ಹೀಗೆ ನೋಡಿ. ಲೂಪಿನಲ್ಲಿ ಅಕ್ಷರದ ಬುಡ ನೋಡಿ. ಏಟು ಬಿದ್ದದ್ದಾದರೆ ಬುಡ ಚೂಪಾಗಿ, ಅಂಚಿನ ಕಡೆಗೆ ಲೋಹ ಹರಿದ ಸಣ್ಣ ಗೆರೆಗಳು ಕಾಣುತ್ತವೆ. ಎರೆದದ್ದಾದರೆ ಬುಡ ಸಾಬೂನು ಕರಗಿದಂತೆ ದುಂಡಗೆ, ಮೈಯಲ್ಲಿ ಸೂಜಿಮೊನೆಯಷ್ಟು ಗುಳ್ಳೆಗಳು. ಅಂಚಿನ ಸುತ್ತ ಒಂದು ಗೆರೆ, ಅಥವಾ ಆ ಗೆರೆಯನ್ನು ಅರ ಹಾಕಿ ಅಳಿಸಿದ ಗುರುತು ಇದ್ದರೆ ಸಂಶಯ ಬೇಡ. ಹಳೆಯ ಅಚ್ಚುಗಳಲ್ಲಿ ಅಕ್ಷರವನ್ನು ಪೂರ್ತಿ ಕೆತ್ತುತ್ತಿರಲಿಲ್ಲ. ನೇರ ಕಂಬ, ಬೆಣೆ, ಅರ್ಧಚಂದ್ರ ಇಂಥ ಕೆಲವೇ ಉಳಿಗಳಿಂದ ಜೋಡಿಸಿ ಹೊಡೆಯುತ್ತಿದ್ದರು. ಮಧ್ಯಯುಗದ ಪೆನ್ನಿಯಲ್ಲಿ ಕಂಬಕ್ಕೂ ಬೆಣೆಗೂ ನಡುವೆ ಒಂದು ಸಣ್ಣ ಸಂದಿ ಕಂಡರೆ ಒಳ್ಳೆಯ ಸೂಚನೆ.

ಸಾಂದ್ರತೆ ಪರೀಕ್ಷೆ ಮನೆಯಲ್ಲೇ ಆಗುತ್ತದೆ. 0.01 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿಯ ಮೇಲೆ ಲೋಟದಲ್ಲಿ ನೀರಿಟ್ಟು ಸೊನ್ನೆ ಮಾಡಿ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿದರೆ ಗಾಳಿಗುಳ್ಳೆ ಅಂಟುವುದಿಲ್ಲ. ನಾಣ್ಯಕ್ಕೆ ಸಣ್ಣ ದಾರ ಕಟ್ಟಿ, ಪೂರ್ತಿ ಮುಳುಗುವಂತೆ ಆದರೆ ತಳ ಮುಟ್ಟದಂತೆ ತೂಗುಬಿಡಿ. ತಳ ಮುಟ್ಟಿದರೆ ಲೆಕ್ಕ ಕೆಟ್ಟಿತು. ತಕ್ಕಡಿ ತೋರಿಸುವ ಅಂಕಿಯಿಂದ ನಾಣ್ಯದ ಒಣ ತೂಕವನ್ನು ಭಾಗಿಸಿ. 6.00 ಗ್ರಾಂನ ಎಲಿಜಬೆತ್ ಶಿಲ್ಲಿಂಗ್ ನೀರಿನಲ್ಲಿ ಸುಮಾರು 0.58 ತೋರಿಸಬೇಕು, ಸಾಂದ್ರತೆ 10.3 ಚಿಲ್ಲರೆ. ತಾಮ್ರ-ನಿಕ್ಕಲ್ ಖೋಟಾ 0.67 ತೋರಿಸುತ್ತದೆ, ವ್ಯತ್ಯಾಸ ಸ್ಪಷ್ಟ. ಆದರೆ 1.40 ಗ್ರಾಂನ ಪೆನ್ನಿಗೆ ಇದೇ ತಕ್ಕಡಿ ಸಾಲದು. ಬೆಳ್ಳಿಗೆ 0.135, ತಾಮ್ರಕ್ಕೆ 0.157, ನಡುವಿನ ಅಂತರ ತಕ್ಕಡಿಯ ತಪ್ಪಿನಷ್ಟೇ. ಅದಕ್ಕೆ 0.001 ತೋರಿಸುವ ತಕ್ಕಡಿ ಬೇಕು.

ಆಭರಣದ ಅಂಗಡಿಯಲ್ಲೋ ಹಾಲ್‌ಮಾರ್ಕ್ ಕೇಂದ್ರದಲ್ಲೋ ಎಕ್ಸ್‌ರೇ ಯಂತ್ರ ಇದ್ದರೆ ತೋರಿಸಬಹುದು, ನಾಣ್ಯಕ್ಕೆ ಪೆಟ್ಟಿಲ್ಲ. ಅದು ಮೇಲ್ಮೈ ಮಾತ್ರ ಓದುತ್ತದೆ. ನೆಲದಲ್ಲಿದ್ದ ಬೆಳ್ಳಿಯ ಮೇಲ್ಮೈಯಿಂದ ತಾಮ್ರ ಕರಗಿಹೋಗಿ, ನಿಯಮದ ಶೇಕಡ 92.5ಕ್ಕಿಂತ ಹೆಚ್ಚು ಬರುವುದು ಸಹಜ. ಗಮನಿಸಬೇಕಾದ್ದು ಚಿಲ್ಲರೆ ಲೋಹಗಳನ್ನು: ಹಳೆಯ ಬೆಳ್ಳಿಯಲ್ಲಿ ಸೀಸ, ಚಿನ್ನ ಅಲ್ಪಸ್ವಲ್ಪ ಉಳಿದೇ ಇರುತ್ತವೆ. ಎರಡೂ ಇಲ್ಲದ ಶುದ್ಧ ಬೆಳ್ಳಿ ಇಂದಿನ ಕಾರ್ಖಾನೆಯದು. ಒರೆಗಲ್ಲಿಗೆ ಮಾತ್ರ ಹಚ್ಚಲು ಬಿಡಬೇಡಿ. ಅಕ್ಕಸಾಲಿಗರ ಕೈ ಅಭ್ಯಾಸಬಲದಿಂದ ಅತ್ತ ಹೋಗುತ್ತದೆ, ಮೊದಲೇ ಹೇಳಿ.

ಹೆನ್ರಿ 2ರಿಂದ ಚಾರ್ಲ್ಸ್ 2ರವರೆಗೆ ರಾಜನಿಗೊಂದರಂತೆ ಬೆಳ್ಳಿ ನಾಣ್ಯ ಕೂಡಿಸಬೇಕೆಂದಿದ್ದೇನೆ. ಸಾಧ್ಯವೇ? ಎಲ್ಲಿ ಸಿಕ್ಕಿಬೀಳುತ್ತೇನೆ?
— ಓದುಗರು, ದಾವಣಗೆರೆ

ಮೊದಲ ಹಳ್ಳ ರಿಚರ್ಡ್ 1 ಮತ್ತು ಜಾನ್. ಇಂಗ್ಲೆಂಡಿನಲ್ಲಿ ಇವರ ಹೆಸರಿನ ಪೆನ್ನಿಯೇ ಇಲ್ಲ. 1180ರಲ್ಲಿ ಹೆನ್ರಿ 2 ಆರಂಭಿಸಿದ ಗಿಡ್ಡ ಶಿಲುಬೆಯ ಪೆನ್ನಿ 1247ರವರೆಗೆ ‘ಹೆನ್ರಿಕಸ್’ ಎಂಬ ಒಂದೇ ಹೆಸರಿನಲ್ಲಿ ನಡೆಯಿತು, ನಡುವೆ ಇಬ್ಬರು ರಾಜರು ಬಂದು ಹೋದರೂ ಹೆಸರು ಬದಲಾಗಲಿಲ್ಲ. ಹಾಗಾಗಿ ಇಲ್ಲಿ ವರ್ಗ ನೋಡಿ ಕೊಳ್ಳಬೇಕು. 1205ರಲ್ಲಿ ಶುರುವಾದ ಐದನೇ ವರ್ಗ ಜಾನನ ಕಾಲದ್ದು, ಸುಲಭವಾಗಿ ಸಿಗುತ್ತದೆ. ಹೆಸರೇ ಬೇಕೆಂದರೆ ಜಾನನಿಗೆ ಐರ್ಲೆಂಡಿನ ಪೆನ್ನಿ, ರಿಚರ್ಡನಿಗೆ ಫ್ರಾನ್ಸಿನ ಅಕ್ವಿಟೇನ್, ಪ್ವಾಟು ಸೀಮೆಯ ನಾಣ್ಯ.

ಜೇಬು ಕಚ್ಚುವವನು ರಿಚರ್ಡ್ 3. ಆಳಿದ್ದು 1483ರಿಂದ 85, ಎರಡೇ ವರ್ಷ. ಸವೆದದ್ದಕ್ಕೂ ದೊಡ್ಡ ಬೆಲೆ, ಖೋಟಾ ಕಾಟವೂ ಅಲ್ಲೇ. ಅವನಿಗಿಂತ ಮೊದಲಿನ ಎಡ್ವರ್ಡ್ 5ನನ್ನು ಪಟ್ಟಿಯಿಂದ ಬಿಟ್ಟುಬಿಡುವುದೇ ವಿವೇಕ.

ಹೆನ್ರಿ 8ರಲ್ಲಿ ಒಂದು ಆಯ್ಕೆ ಎದುರಾಗುತ್ತದೆ. 1544ರಿಂದ ಅವನು ಬೆಳ್ಳಿಗೆ ತಾಮ್ರ ಬೆರೆಸುತ್ತ ಹೋದ. ಮೂರರಲ್ಲಿ ಎರಡು ಪಾಲು ತಾಮ್ರವಾಯಿತು. ಎದುರಿಗೆ ನೋಡುವ ರಾಜನ ಮೂಗು ಮೊದಲು ಸವೆದು ಕೆಂಪು ತಾಮ್ರ ಕಾಣಿಸಿ, ಜನ ಅವನನ್ನು ತಾಮ್ರದ ಮೂಗಿನವ ಎಂದು ಕರೆದರು. ನೋಡಲು ಚೆಂದ ಬೇಕೆಂದರೆ 1526ರ ಪಾರ್ಶ್ವಮುಖದ ಗ್ರೋಟ್ (ನಾಲ್ಕು ಪೆನ್ಸ್) ಕೊಳ್ಳಿ. ನಮ್ಮ ಮತ ಕೆಂಪು ಮೂಗಿಗೆ. ಎಡ್ವರ್ಡ್ 6, ಮೇರಿ ಇಬ್ಬರದೂ ಚೆನ್ನಾಗಿರುವುದು ದುಬಾರಿ. ಎಲಿಜಬೆತ್, ಜೇಮ್ಸ್, ಚಾರ್ಲ್ಸ್ 1 ಧಾರಾಳ ಸಿಗುತ್ತವೆ. 1649ರಿಂದ 60ರವರೆಗೆ ರಾಜನೇ ಇರಲಿಲ್ಲ, ಆ ಕಾಲದ ನಾಣ್ಯದಲ್ಲಿ ಮುಖದ ಬದಲು ಗುರಾಣಿ, ಲ್ಯಾಟಿನ್ ಬದಲು ಇಂಗ್ಲಿಷ್ ಇದೆ. ಲ್ಯಾಟಿನ್ ಅರಸರ ವಾಸನೆ ಎಂದು ಬಿಟ್ಟರು. ಚಾರ್ಲ್ಸ್ 2 ಬಂದ ಮೇಲೆ 1662ರಲ್ಲಿ ಸುತ್ತಿಗೆ ನಿಂತು ಯಂತ್ರ ಹಿಡಿಯಿತು, ಹಳೆಯ ಬೆಳ್ಳಿ 1696ರ ನಂತರ ಚಲಾವಣೆಯಿಂದ ಹೋಯಿತು.

ಈಸ್ಟ್ ಇಂಡಿಯಾ ಕಂಪನಿಗಾಗಿ ಎಲಿಜಬೆತ್ ರಾಣಿ ಹೊಡೆಸಿದ ನಾಣ್ಯ ಕರಾವಳಿಯಲ್ಲಿ ಚಲಾವಣೆಯಲ್ಲಿತ್ತಂತೆ, ನಿಜವೇ? ಒಬ್ಬರು ನನಗೆ ತೋರಿಸಿದರು.
— ಓದುಗರು, ಉಡುಪಿ

ಹೊಡೆಸಿದ್ದು ನಿಜ, ಕರಾವಳಿಯ ಕಥೆಗೆ ಆಧಾರವಿಲ್ಲ. 1600–01ರಲ್ಲಿ ಲಂಡನ್ ಟವರಿನಲ್ಲಿ ನಾಲ್ಕು ಅಳತೆಯ ‘ಟೆಸ್ಟರ್ನ್’ ಹೊಡೆದರು: 8, 4, 2, 1. ಒಂದು ಕಡೆ ರಾಜಲಾಂಛನ, ಇನ್ನೊಂದು ಕಡೆ ಕಿರೀಟದ ಕೆಳಗೆ ಕೋಟೆಬಾಗಿಲ ಸರಳುಕದ. ತೂಕವನ್ನು ಇಂಗ್ಲಿಷ್ ಲೆಕ್ಕಕ್ಕಲ್ಲ, ಸ್ಪೇನಿನ ರಿಯಾಲಿನ ಲೆಕ್ಕಕ್ಕೆ ಹೊಂದಿಸಿದ್ದರು, ಏಕೆಂದರೆ ಪೂರ್ವದ ಬಂದರುಗಳಲ್ಲಿ ಜನ ನಂಬುತ್ತಿದ್ದದ್ದು ಅದನ್ನೇ. ಆದರೂ ಕಂಡರಿಯದ ಮುದ್ರೆಯನ್ನು ಯಾರೂ ಇಷ್ಟಪಡಲಿಲ್ಲ, ಮುಂದಿನ ಯಾನಕ್ಕೆ ಮತ್ತೆ ರಿಯಾಲುಗಳೇ ಹೋದವು. ಕಂಪನಿಯ ಮೊದಲ ಯಾನ ಹೋದದ್ದು ಸುಮಾತ್ರಾದ ‘ಆಚೆ’ ಎಂಬ ಊರಿಗೆ ಮತ್ತು ಜಾವಾದ ಬಾಂಟಂಗೆ, ಭಾರತಕ್ಕಲ್ಲ. ಕಂಪನಿಯ ಹಡಗು ಸೂರತ್ ಮುಟ್ಟಿದ್ದು 1608ರಲ್ಲಿ. ಈ ನಾಣ್ಯಗಳು ಬಹಳ ವಿರಳ, ಹರಾಜಿನಲ್ಲಿ ಲಕ್ಷಗಳ ಮಾತು. ನಿಮಗೆ ತೋರಿಸಿದ 8 ಟೆಸ್ಟರ್ನ್ ಸುಮಾರು 27 ಗ್ರಾಂ ತೂಗದಿದ್ದರೆ ಮಾತು ಮುಂದುವರಿಸಬೇಡಿ. ತೂಗಿದರೂ ಮೇಲಿನ ತುಮಕೂರಿನವರಿಗೆ ಹೇಳಿದ ಪರೀಕ್ಷೆಗಳನ್ನೆಲ್ಲ ಮಾಡಿ.

ನಾವು ರೆಡಿಂಗ್‌ನಲ್ಲಿದ್ದೇವೆ. ಮಗ ಮೆಟಲ್ ಡಿಟೆಕ್ಟರ್ ಕೇಳುತ್ತಿದ್ದಾನೆ. ಸಿಕ್ಕ ನಾಣ್ಯ ಇಟ್ಟುಕೊಳ್ಳಬಹುದೇ? ಊರಿಗೆ ತರಬಹುದೇ?
— ಓದುಗರು, ಇಂಗ್ಲೆಂಡ್

ಹೊಲಕ್ಕೆ ಕಾಲಿಡುವ ಮೊದಲು ಜಮೀನಿನ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ, ಸಿಕ್ಕದ್ದರಲ್ಲಿ ಯಾರಿಗೆಷ್ಟು ಎಂಬುದೂ ಅದರಲ್ಲೇ ಇರಲಿ. ರಕ್ಷಿತ ಸ್ಮಾರಕದ ಜಾಗದಲ್ಲಿ ಯಂತ್ರ ಹಿಡಿಯುವುದೇ ಅಪರಾಧ. ಥೇಮ್ಸ್ ನದಿಯಲ್ಲಿ ಸಮುದ್ರದ ಉಬ್ಬರವಿಳಿತ ಇರುವ ಭಾಗದ ದಡದಲ್ಲಿ ಬರಿಗಣ್ಣಿನಿಂದ ಹುಡುಕುವುದಕ್ಕೂ ಲಂಡನ್ ಬಂದರು ಪ್ರಾಧಿಕಾರದ ಪರವಾನಗಿ ಬೇಕು.

1996ರ ಟ್ರೆಷರ್ ಕಾಯಿದೆಯಂತೆ 300 ವರ್ಷ ಮೀರಿದ ಚಿನ್ನ-ಬೆಳ್ಳಿಯ ಎರಡು ಅಥವಾ ಹೆಚ್ಚು ನಾಣ್ಯ ಒಂದೇ ನಿಕ್ಷೇಪದಲ್ಲಿ ಸಿಕ್ಕರೆ ಅದು ನಿಧಿ, 14 ದಿನದೊಳಗೆ ಇಂಥದ್ದನ್ನು ವಿಚಾರಿಸುವ ಅಧಿಕಾರಿಯಾದ ಕೊರೋನರ್‌ಗೆ ತಿಳಿಸಬೇಕು. ಬಿಡಿಯಾಗಿ ಬಿದ್ದ ಒಂದು ಪೆನ್ನಿ ಸಾಮಾನ್ಯವಾಗಿ ನಿಧಿಯಲ್ಲ. ಆದರೂ ಜಿಲ್ಲೆಯ ಫೈಂಡ್ಸ್ ಲಿಯಾಸನ್ ಅಧಿಕಾರಿಗೆ ತೋರಿಸಿ ದಾಖಲು ಮಾಡಿಸಿ. ಎಲ್ಲಿ ಸಿಕ್ಕಿತು ಎಂಬ ದಾಖಲೆ ಇದ್ದ ಪೆನ್ನಿಗೂ ಇಲ್ಲದ್ದಕ್ಕೂ ಬೆಲೆಯಲ್ಲೂ ವ್ಯತ್ಯಾಸ ಇದೆ.

ಊರಿಗೆ ತರುವ ಮುನ್ನ ಎರಡು ಮಾತು. ಬ್ರಿಟನ್ನಿನ ನೆಲದಿಂದ ತೆಗೆದ ಹಳೆಯ ವಸ್ತುವನ್ನು ಹೊರಗೆ ಒಯ್ಯಲು ರಫ್ತು ಪರವಾನಗಿ ಬೇಕಾಗುತ್ತದೆ, ಅಧಿಕಾರಿಯನ್ನು ಕೇಳಿ. ಭಾರತಕ್ಕೆ ಬಂದ ಮೇಲೆ ಇಲ್ಲಿಯ 1972ರ ಪುರಾವಸ್ತು ಕಾಯಿದೆ ನೂರು ವರ್ಷ ದಾಟಿದ ನಾಣ್ಯವನ್ನು ಪುರಾವಸ್ತು ಎನ್ನುತ್ತದೆ, ಅವನ್ನು ಖಾಸಗಿಯವರು ಹೊರದೇಶಕ್ಕೆ ಒಯ್ಯುವಂತಿಲ್ಲ. ಬೇಸಿಗೆ ರಜೆಗೆ ಅಜ್ಜಿಗೆ ತೋರಿಸಲು ತಂದ ಡಬ್ಬಿ ವಾಪಸು ಹೋಗುವಾಗ ವಿಮಾನ ನಿಲ್ದಾಣದಲ್ಲಿ ತಡೆಯಬಹುದು. ಅಜ್ಜಿಗೆ ಫೋಟೋ ತೋರಿಸಿ.

ಬಾಗಿದ ಪೆನ್ನಿ ಒಂದಿದೆ. ನಮ್ಮೂರ ಅಕ್ಕಸಾಲಿಗರು ಎರಡು ನಿಮಿಷದಲ್ಲಿ ನೇರ ಮಾಡಿಕೊಡುತ್ತೇನೆ ಎನ್ನುತ್ತಾರೆ. ಮಾಡಿಸಲೇ?
— ಓದುಗರು, ಕಲಬುರಗಿ

ಬೇಡ. ಶತಮಾನಗಟ್ಟಲೆ ನೆಲದಲ್ಲಿದ್ದ ಬೆಳ್ಳಿ ಒಳಗೊಳಗೇ ಪೆಡಸಾಗಿರುತ್ತದೆ, ಹೊಸ ಬೆಳ್ಳಿಯಂತೆ ಬಾಗುವುದಿಲ್ಲ, ಹಪ್ಪಳದಂತೆ ಮುರಿಯುತ್ತದೆ. ಕಲ್ಲುನೆಲದ ಮೇಲೆ ಬಿದ್ದರೂ ಎರಡು ತುಂಡಾದದ್ದುಂಟು, ನೋಡುವಾಗ ಕೆಳಗೆ ಟವೆಲ್ ಹಾಸಿಕೊಳ್ಳಿ. ಅಲ್ಲದೆ ಆ ಬಾಗು ನೇಗಿಲಿನದೇ ಆಗಬೇಕಿಲ್ಲ. ಮಧ್ಯಯುಗದಲ್ಲಿ ಮನೆಯಲ್ಲಿ ಕಾಯಿಲೆಯಾದಾಗ ಸಂತನಿಗೆ ಹರಕೆ ಹೊತ್ತು ಪೆನ್ನಿಯೊಂದನ್ನು ಬಗ್ಗಿಸಿ ತೆಗೆದಿಡುತ್ತಿದ್ದರು, ನಮ್ಮಲ್ಲಿ ಅರಿಸಿನ ಬಟ್ಟೆಯಲ್ಲಿ ಮುಡಿಪು ಕಟ್ಟಿಡುವಂತೆ. ನಿಮ್ಮದು ನಡುವಿಗೆ ಸರಿಯಾಗಿ, ಒಂದೇ ಮಡಿಕೆಯಲ್ಲಿ ಬಾಗಿದ್ದರೆ ಹಾಗೇ ಇಡಿ.